ಒಂದು ಗಂಟೆ ತಡವಾಗಿ ಕೇಳಿದ ಪಾಠ

ಆ ಊರಿಗೆ ಹೋಗಿಳಿದ ದಿನ ನಾನು ಮಾಡಿದ ಮೊದಲ ತಪ್ಪೆಂದರೆ ಮನೆಯೊಳಗೆ ನಿಂತು ನೀರು ಕೇಳಿದ್ದು. ನನಗೆ ಬಾಡಿಗೆಗೆ ಕೋಣೆ ಕೊಟ್ಟಿದ್ದ ಸಣ್ಣಕೆಂಪಮ್ಮ ನಡುಮನೆಯಲ್ಲಿ ಚಾಪೆ ಹಾಸುತ್ತಿದ್ದರು. "ಕುಡಿಯೋಕೆ ಸ್ವಲ್ಪ ನೀರು ಕೊಡ್ತೀರಾ?" ಎಂದೆ. ತುಟಿ ಆಡಿತು, ನಾಲಿಗೆ ಹೊರಳಿತು, ದನಿ ಮಾತ್ರ ಹೊರಡಲಿಲ್ಲ. ಇನ್ನೊಮ್ಮೆ ಕೇಳಿದೆ. ಊಹೂಂ. ನಿಜ ಹೇಳಬೇಕೆಂದರೆ ನನಗೆ ಅಷ್ಟೇನೂ ಆಶ್ಚರ್ಯವಾಗಲಿಲ್ಲ. ಏಳು ವರ್ಷ ಪಿಎಚ್.ಡಿ. ಮಾಡಿ, ಕೆಲವೇ ತಿಂಗಳ ಹಿಂದೆ ಮೌಖಿಕ ಪರೀಕ್ಷೆ ಮುಗಿಸಿ ಬಂದವಳು ನಾನು. ಗಂಟಲಲ್ಲಿ ಇದ್ದದ್ದೆಲ್ಲ ಅಲ್ಲೇ ಖರ್ಚಾಗಿ ಹೋಯಿತು, ಇನ್ನೇನೂ ಉಳಿದಿಲ್ಲ ಅಂದುಕೊಂಡೆ.

ಸಣ್ಣಕೆಂಪಮ್ಮ ನನ್ನ ಮುಖ ನೋಡಿ ಹಣೆ ಚಚ್ಚಿಕೊಂಡರು. ರಟ್ಟೆ ಹಿಡಿದು ಅಂಗಳಕ್ಕೆ ಎಳೆದುಕೊಂಡು ಬಂದು, "ಸೂರಿನಡಿ ಆಡಿದ್ ಮಾತು ಇಲ್ಲಿ ಒಂದ್ ಗಂಟೆ ಆದ್ಮೇಲೇ ಕೇಳೋದು ಕಣವ್ವ. ಏನಾರ ಬೇಕಂದ್ರೆ ಆಚಿಕ್ ಬಂದು ಕೇಳು. ಏನ್ ಬೇಕಿತ್ತು?" ಎಂದರು. "ನೀರು" ಎಂದೆ. ನನ್ನ ದನಿ ನನಗೆ ಕೇಳಿಸಿತು. ಚೊಂಬು ತಂದುಕೊಟ್ಟರು, ಕುಡಿದೆ. ಗಂಟೆಯ ಮೇಲೆ ಒಳಗೆ ಕೂತು ಮುದ್ದೆ ಮುರಿಯುತ್ತಿದ್ದಾಗ ನಡುಮನೆಯಲ್ಲಿ ನನ್ನದೇ ದನಿ "ಕುಡಿಯೋಕೆ ಸ್ವಲ್ಪ ನೀರು ಕೊಡ್ತೀರಾ?" ಎಂದಿತು. ಹಿಂದೆಯೇ ಇನ್ನೊಮ್ಮೆ ಎಂದಿತು. ಆ ತಾಯಿ ಉಣ್ಣುತ್ತಿದ್ದ ತಟ್ಟೆ ಬಿಟ್ಟು ಎದ್ದು, ಎರಡು ಚೊಂಬು ನೀರು ತಂದು ನನ್ನ ಪಕ್ಕದಲ್ಲಿಟ್ಟರು. ಕೇಳಿಸಿದ ಮಾತಿಗೆ ತಕ್ಕದ್ದು ಮಾಡಲೇಬೇಕು, ಅದು ಆ ಊರಿನ ಮರ್ಯಾದೆ.

ಈ ಕಟ್ಟಳೆ ಯಾವ ಕಾಲದ್ದೋ ಯಾರಿಗೂ ಗೊತ್ತಿರಲಿಲ್ಲ, ಕಾರಣ ಕೇಳುವ ಚಪಲವೂ ಯಾರಿಗೂ ಇರಲಿಲ್ಲ. ನಾನು ಕೇಳಿದಾಗ, "ನಿಮ್ ಕಡೆ ಆಡಿದ್ ತಕ್ಷಣ ಕೇಳ್ತದಲ್ಲ, ಅದ್ಯಾಕಂತೆ?" ಎಂದು ನನ್ನನ್ನೇ ಕೇಳಿದರು. ಮಾತುಕತೆಯೆಲ್ಲ ಅಂಗಳದಲ್ಲಿ, ಬೀದಿಯಲ್ಲಿ, ಮರದ ಕೆಳಗೆ. ಮರವೂ ಕೊಡೆಯೂ ಸೂರಿನ ಲೆಕ್ಕಕ್ಕೆ ಸೇರುತ್ತಿರಲಿಲ್ಲ, ಹಾಗಾಗಿ ಜಡಿಮಳೆಯಲ್ಲೂ ಬೀದಿಯುದ್ದಕ್ಕೂ ಕೊಡೆ ಹಿಡಿದು ಹರಟುವವರ ಸಾಲು. ಫೋನು ಬಂದರೆ ಒಲೆಯ ಮೇಲಿನ ಹಾಲನ್ನೂ ಬಿಟ್ಟು ಹೊರಗೆ ಓಡುತ್ತಿದ್ದರು. ಜಗಳಕ್ಕೆ ಮಾತ್ರ ಒಳಮನೆ. ಸಣ್ಣಕೆಂಪಮ್ಮನಿಗೆ ಗಂಡ ಪುಟ್ಟಮಾದಯ್ಯನ ಮೇಲೆ ಸಿಟ್ಟು ಬಂದರೆ ಸರಸರ ಒಳಗೆ ಹೋಗಿ ಬಾಗಿಲು ಹಾಕಿಕೊಂಡು ಕಾಲು ಗಂಟೆ ಕೈ ಬಾಯಿ ಆಡಿಸಿ ಹೊರಗೆ ಬರುತ್ತಿದ್ದರು. ಆಮೇಲೆ ಇಬ್ಬರೂ ಅಂಗಳದಲ್ಲಿ ಕೂತು ಅವರೆಕಾಯಿ ಸುಲಿಯುವುದು. ಹೊತ್ತಿಗೆ ಸರಿಯಾಗಿ ಒಳಗಿನಿಂದ "ನಿನ್ ಕಟ್ಕಂಡು ನಾನ್ ಸುಖ ಪಟ್ಟಿದ್ದು ಸಾಕು!" ಎಂದು ಶುರುವಾಗುತ್ತಿತ್ತು. ಪುಟ್ಟಮಾದಯ್ಯ ತಲೆದೂಗುತ್ತ ಪೂರ್ತಿ ಕೇಳಿ, "ಇವತ್ತು ಉಪ್ಪು ಖಾರ ವಸಿ ಕಮ್ಮಿ ಆಯ್ತು ಕಣೇ" ಅನ್ನುತ್ತಿದ್ದರು. ಅಷ್ಟು ಹೊತ್ತಿಗೆ ಆಕೆಗೇ ನಗು ಬಂದಿರುತ್ತಿತ್ತು.

ಇಂಥ ಊರಿಗೆ ನಾನು ಇಷ್ಟಪಟ್ಟು ಬಂದವಳಲ್ಲ. ನನ್ನ ಪಿಎಚ್.ಡಿ. ಅಕ್ಕಿಯ ಹುಳುವಿನ ಮೇಲೆ. ಅಕ್ಕಿ ಡಬ್ಬದಲ್ಲಿ ಮೂತಿ ಚಾಚಿಕೊಂಡು ಓಡಾಡುವ ಕರಿ ಹುಳು ಇದೆಯಲ್ಲ, ಅದೇ. ಅದು ಎಷ್ಟು ತಿನ್ನುತ್ತದೆ, ಯಾವಾಗ ತಿನ್ನುತ್ತದೆ, ಯಾಕೆ ನಿಲ್ಲಿಸುತ್ತದೆ ಎಂದು ಏಳು ವರ್ಷ ನೋಡಿದೆ. ನಮ್ಮ ಗೈಡ್ ಕೆಟ್ಟವರಲ್ಲ, ಅವಸರದವರು. ನಾನು ವಾಕ್ಯದ ಅರ್ಧಕ್ಕೆ ಬರುವಷ್ಟರಲ್ಲಿ ಅದರ ಮೂರು ತಪ್ಪು ಅವರ ಕೈಯಲ್ಲಿರುತ್ತಿದ್ದವು. ಆಡಿದ ಮಾತು ನೆಲ ಮುಟ್ಟುವ ಮೊದಲೇ ಹಿಡಿದು ಹಿಂಡುತ್ತಿದ್ದರು. ಆ ಹೆದರಿಕೆಗೆ ನಾನು ಒಂದು ವಾಕ್ಯಕ್ಕೆ ನಾಲ್ಕು ಬೇಲಿ ಹಾಕುವುದನ್ನು ಕಲಿತೆ: ಬಹುಶಃ, ಸಾಮಾನ್ಯವಾಗಿ, ಲಭ್ಯವಿರುವ ಮಾಹಿತಿಯ ಮಟ್ಟಿಗೆ, ಅಲ್ಲಗಳೆಯಲಾಗದಿದ್ದರೂ. ಪದವಿ ಸಿಕ್ಕಿತು. ನಲವತ್ತು ಕಾಲೇಜುಗಳಿಗೆ ಅರ್ಜಿ ಹಾಕಿದೆ. ಯಾವುದೂ ಉಸಿರೆತ್ತಲಿಲ್ಲ. ನಲವತ್ತೊಂದನೆಯದಾಗಿ, ಸಿಟ್ಟಿಗೆದ್ದು ಹಾಕಿದ ಅರ್ಜಿ ಈ ಊರಿನ ಹೈಸ್ಕೂಲಿನದು. ಮುಖ್ಯೋಪಾಧ್ಯಾಯ ಬೋರಲಿಂಗಯ್ಯನವರಿಂದ ಒಂದೇ ಸಾಲಿನ ಉತ್ತರ ಬಂತು: ಮೂರು ತಿಂಗಳು ಪಾಠ ಹೇಳಿ, ಆಮೇಲೆ ಊರಿನವರು ಕೇಳಿ ತೀರ್ಮಾನ ಮಾಡುತ್ತಾರೆ.

ಶಾಲೆಗೂ ಸೂರು ಇತ್ತಲ್ಲ, ಅದಕ್ಕೆ ಅಲ್ಲಿ ಪಾಠ ನಡೆಯುವ ಕ್ರಮವೇ ಬೇರೆ. ಮೇಷ್ಟರು ಗಂಟೆ ಮೊದಲೇ ಬಂದು ಖಾಲಿ ಕ್ಲಾಸಿನಲ್ಲಿ ನಿಂತು ಪಾಠ ಹೇಳಿ ಮುಗಿಸಬೇಕು. ಬೇರೆಯವರ ಮಾತು ಬೆರೆಯದಂತೆ ಕೋಣೆಗೆ ಬೀಗ ಬೀಳುತ್ತದೆ. ಹೊತ್ತಿಗೆ ಸರಿಯಾಗಿ ಬೀಗ ತೆಗೆದು ಮಕ್ಕಳು ಬಂದು ಕೂರುತ್ತಾರೆ, ಪಾಠ ತಾನಾಗಿ ಕೇಳಿಸುತ್ತದೆ. ಪ್ರಶ್ನೆಗಳೇನಿದ್ದರೂ ಆಮೇಲೆ ಹೊರಗೆ ಹುಣಸೆಮರದ ಕೆಳಗೆ. ಮಕ್ಕಳು ಪಾಠದ ನಡುವೆ ಕಿಸಕ್ಕೆಂದು ನಕ್ಕಿದ್ದು, ಕೆಮ್ಮಿದ್ದು, ಆಕಳಿಸಿದ್ದು ಇನ್ನೊಂದು ಗಂಟೆಗೆ ಖಾಲಿ ಕೋಣೆಯಿಂದ ಕೇಳಿಬರುತ್ತಿತ್ತು. ಬೋರಲಿಂಗಯ್ಯ ಅಂಗಳದಲ್ಲಿ ನಿಂತು ಆಕಳಿಕೆ ಎಣಿಸಿ, ಯಾರ ಪಾಠ ಹೇಗಿತ್ತೆಂದು ತಿಳಿದುಕೊಳ್ಳುತ್ತಿದ್ದರು.

ಇದೆಲ್ಲ ಹೇಗೋ ನಿಭಾಯಿಸಬಹುದಿತ್ತು. ಆದರೆ ಮೊದಲ ದಿನ ಬೋರಲಿಂಗಯ್ಯ ಇನ್ನೊಂದು ಮಾತು ಹೇಳಿದರು: "ನೋಡಿ ಮೇಡಂ, ಹೇಳಿದ ಮೇಷ್ಟ್ರು ಕೂತು ಕೇಳಲೇಬೇಕು. ಹಿಂದಿನ ಬೆಂಚು ನಿಮ್ಮದು. ನಾವು ಕೇಳಕ್ಕಾಗದಿರೋದನ್ನ ಮಕ್ಕಳ ಕೈಲಿ ಕೇಳಿಸಬಾರದು." ಒಂಬತ್ತನೇ ತರಗತಿಯ ಮೂವತ್ತೊಂದು ಮಕ್ಕಳ ಹಿಂದೆ ಮಂಡಿ ಮಡಚಿ ಕೂತು ನನ್ನ ಪಾಠವನ್ನು ನಾನೇ ಕೇಳಿದೆ. "ಸಸ್ಯಗಳು, ಸಾಮಾನ್ಯವಾಗಿ, ಲಭ್ಯವಿರುವ ಮಾಹಿತಿಯ ಮಟ್ಟಿಗೆ, ಬಹುಶಃ ಬೆಳಕನ್ನು ಬಳಸಿಕೊಂಡು..." ಒಂದು ಮಗು ತಿರುಗಿ ನನ್ನ ಕಡೆ ಕರುಣೆಯಿಂದ ನೋಡಿತು. ಬೆಳಕನ್ನು ಬಳಸದ ಸಸ್ಯ ಯಾವುದು ಎಂದು ಹುಣಸೆಮರದ ಕೆಳಗೆ ಕೇಳಿಯೂ ಬಿಟ್ಟಿತು. ನಾಚಿಕೆಯಿಂದ ಸತ್ತೇ ಹೋದೆ. ಏಳು ವರ್ಷ ನಾನು ಹೀಗೆ ಮಾತಾಡುತ್ತಿದ್ದೆನೇ?

ದಿನಾ ಕೇಳಿ ಕೇಳಿ ಬೇಲಿಗಳನ್ನು ಒಂದೊಂದಾಗಿ ಕಿತ್ತೆ. ಆಕಳಿಕೆ ಹದಿನಾಲ್ಕರಿಂದ ಒಂಬತ್ತಕ್ಕೆ, ಒಂಬತ್ತರಿಂದ ಐದಕ್ಕೆ ಇಳಿಯಿತು. ಎರಡು ತಿಂಗಳಾಗುವಷ್ಟರಲ್ಲಿ ನನಗೆ ಅರಿವಿಲ್ಲದೆಯೇ ಆ ಊರಿನ ಮೇಲೆ ಆಸೆ ಹುಟ್ಟಿತ್ತು. ಅಲ್ಲಿ ಯಾರೂ ನನ್ನ ಮಾತಿನ ಮೇಲೆ ಬೀಳುತ್ತಿರಲಿಲ್ಲ. ಒಳಗೆ ಆಡಿದ್ದಕ್ಕೆ ಗಂಟೆ ಕಾದು ಅಭ್ಯಾಸವಾದ ಜನ, ಹೊರಗೆ ಕೂಡ ನಾನು ಮಾತು ಮುಗಿಸಿದ ಮೇಲೆ ಒಂದು ಉಸಿರು ಸುಮ್ಮನಿದ್ದು ಆಮೇಲೆ ಉತ್ತರ ಕೊಡುತ್ತಿದ್ದರು. ಮೊದಮೊದಲು ಅದನ್ನು ದಡ್ಡತನ ಅಂದುಕೊಂಡಿದ್ದೆ. ಹೆಚ್ಚು ಓದಿದವರಿಗೆ ಬರುವ ಕಾಯಿಲೆ ಅದು.

ಅಷ್ಟರಲ್ಲಿ ಗೈಡ್ ಅವರ ಕಾಗದ ಬಂತು. ತಂದುಕೊಟ್ಟವನು ಅಂಚೆಯ ದೊರೆಸ್ವಾಮಿ. ಹೊಸ ಪ್ರಾಜೆಕ್ಟಿನಲ್ಲಿ ಸಹಾಯಕಿಯ ಜಾಗವಿದೆ, ಎರಡು ವರ್ಷದ್ದು, ಈ ತಿಂಗಳ ಕೊನೆಯೊಳಗೆ ತಿಳಿಸಬೇಕು, ಹಳ್ಳಿ ಶಾಲೆಯಲ್ಲಿ ಕೊಳೆಯಬೇಡ ಎಂದಿತ್ತು. ಊರಿನವರು ನನ್ನ ಪಾಠ ಕೇಳಿ ತೀರ್ಮಾನಿಸುವ ದಿನವೂ ತಿಂಗಳ ಕೊನೆಯದೇ. ಐದು ಜನ ಕೇಳುತ್ತಾರೆ, ಮೂವರು ಇರಲಿ ಅಂದರೆ ಇರಬಹುದು. ಬೇಡವೆಂದರೆ ನನಗೆ ಉಳಿಯುವುದು ಅದೇ ಉದ್ದನೆಯ ಕಾರಿಡಾರು, ಗೈಡ್ ಕೋಣೆಯ ಅದೇ ಬಾಗಿಲು, ಬಾಗಿಲಾಚೆ ಅದೇ ಅವಸರ. ಕಾಗದವನ್ನು ಮಡಚಿ ಪೆಟ್ಟಿಗೆಯ ತಳಕ್ಕೆ ಹಾಕಿದೆ.

ಆ ದಿನಕ್ಕೆ ಬೋರಲಿಂಗಯ್ಯ ನನಗೆ ಒಳ್ಳೆಯದಾಗಲೆಂದೇ 'ಧಾನ್ಯಗಳ ಸಂರಕ್ಷಣೆ' ಪಾಠ ಕೊಟ್ಟರು. ನನ್ನದೇ ಹುಳುವಿನ ಪಾಠ. ಅದಕ್ಕಿಂತ ದೊಡ್ಡ ಅಪಕಾರ ಇನ್ನೊಂದಿರಲಿಲ್ಲ. ಸಸ್ಯ, ಬೆಳಕು, ಅಯಸ್ಕಾಂತ ಏನು ಬೇಕಾದರೂ ಹೇಳಬಲ್ಲವಳಾಗಿದ್ದೆ. ಹುಳುವಿನ ವಿಷಯಕ್ಕೆ ಬಂದರೆ ಮಾತ್ರ ಎದುರಿಗೆ ಗೈಡ್ ಕೂತಂತಾಗುತ್ತಿತ್ತು. ಬೆಳಗ್ಗೆ ಖಾಲಿ ಕ್ಲಾಸಿನಲ್ಲಿ ನಿಂತು ಶುರು ಮಾಡಿದೆ. ಬರೆದುಕೊಂಡ ಹಾಳೆಯ ಎರಡನೇ ಪುಟಕ್ಕೆ ಬರುವಷ್ಟರಲ್ಲಿ ನಿಂತುಬಿಟ್ಟೆ.

ಆಮೇಲೆ ಮಾಡಿದ್ದು ಹೊಸಬಳಿಗೆ ಮಾತ್ರ ಸಾಧ್ಯವಾಗುವ ತಪ್ಪು. ಯುನಿವರ್ಸಿಟಿಯಲ್ಲಿ ಪ್ರತಿ ಸೆಮಿನಾರಿನ ಮುಂಚೆ ನನ್ನದೊಂದು ಅಭ್ಯಾಸವಿತ್ತು: ಖಾಲಿ ಕೋಣೆ ಹುಡುಕಿ, ಹೇಳಬೇಕಾದ್ದನ್ನು ಹೇಳಿ, ತಪ್ಪಿದರೆ ನನ್ನನ್ನು ನಾನೇ ಬಾಯಿ ತುಂಬ ಬೈದುಕೊಳ್ಳುವುದು. ಇವತ್ತೂ ಕೋಣೆ ಖಾಲಿ. ನನ್ನ ದನಿ ನನಗೇ ಕೇಳುತ್ತಿಲ್ಲ. ಮನಸ್ಸಿನಲ್ಲೇ ಮಾತಾಡಿದಂತಿತ್ತು. ಎಲ್ಲ ಹೊರಗೆ ಹಾಕಿದೆ, ಬೈದುಕೊಂಡೆ, ಅತ್ತೆ, ಮೂಗು ಒರೆಸಿಕೊಂಡೆ, ಸಮಾಧಾನವಾಗಲೆಂದು ಮತ್ತೇನೇನೋ ಗೊಣಗಿಕೊಂಡೆ. ಗಂಟೆ ಹೊಡೆಯಿತು. ಹೊರಗೆ ಬಂದೆ. ಜವಾನ ಬೀಗ ಹಾಕಿದ ಸದ್ದು ಕಿವಿಗೆ ಬಿದ್ದಾಗ ನನಗೆ ಜ್ಞಾನ ಬಂತು.

"ಸಾರ್, ಬೀಗ ತೆಗೆಸಿ, ಇನ್ನೊಮ್ಮೆ ಹೇಳ್ತೀನಿ" ಎಂದು ಬೋರಲಿಂಗಯ್ಯನವರ ಮುಂದೆ ಗೋಗರೆದೆ. ಅವರು "ಇನ್ನೊಮ್ಮೆ ಹೇಳಬಹುದು ಮೇಡಂ, ಆದ್ರೆ ಮೊದಲು ಹೇಳಿದ್ದು ಎಲ್ಲಿಗೂ ಹೋಗಲ್ಲವಲ್ಲ" ಎಂದರು. ಅಷ್ಟೇ.

ಐದು ಜನ ಬಂದರು. ಬೋರಲಿಂಗಯ್ಯ, ಅಂಚೆಯ ದೊರೆಸ್ವಾಮಿ, ಬಳೆ ಅಂಗಡಿಯ ಜುಲೇಖಾಬಿ, ಹಳೇ ಪಟೇಲರಾದ ಚೌಡೇಗೌಡರು, ಐದನೆಯವರು ಪಕ್ಕದ ಬೀದಿಯಲ್ಲಿದ್ದ ಮೊಮ್ಮಗಳನ್ನು ಓದಿಸುತ್ತಿದ್ದ ನಮ್ಮ ಸಣ್ಣಕೆಂಪಮ್ಮ. ಮುಂದಿನ ಬೆಂಚಿನಲ್ಲಿ ಕೂತರು. ನಾನು ಹಿಂದೆ. ಪಾಠ ಶುರುವಾಯಿತು: ಬಹುಶಃ, ಸಾಮಾನ್ಯವಾಗಿ, ಮತ್ತೆ ಎಲ್ಲ ಬೇಲಿಗಳು. ಆಮೇಲೆ ನನ್ನ ದನಿ, ನಾನೇ ಎಂದೂ ಕೇಳಿರದಷ್ಟು ಬರಿದಾಗಿ: "ಥೂ ನಿನ್ನ! ಏಳು ವರ್ಷ ಓದಿ ಒಂದು ಹುಳದ ಬಗ್ಗೆ ನಾಲ್ಕು ಮಾತು ಹೇಳೋ ಯೋಗ್ಯತೆ ಇಲ್ಲ. ಇವರೂ ಓಡಿಸ್ತಾರೆ. ಓಡಿಸಲೇಬೇಕು. ನನಗೆ ಹೋಗೋಕೆ ಇಷ್ಟ ಇಲ್ಲ, ದೇವರೇ, ಆ ಬಾಗಿಲ ಮುಂದೆ ಇನ್ನೊಂದ್ಸಲ ನಿಲ್ಲೋಕೆ ಇಷ್ಟ ಇಲ್ಲ." ಆಮೇಲೆ ಅಳು. ಮಕ್ಕಳು ಉಸಿರು ಬಿಗಿಹಿಡಿದು ಕೂತಿದ್ದವು. ನಾನು ಬೆಂಚಿನ ಅಂಚು ಹಿಡಿದು ನೆಲ ನೋಡುತ್ತಿದ್ದೆ.

ಮೂಗು ಒರೆಸಿದ ಸದ್ದಾಯಿತು. ಅಲ್ಲಿಂದ ಮುಂದೆ ಗೊಣಗಿಕೊಂಡದ್ದು ನನಗೇ ಮರೆತುಹೋಗಿತ್ತು. "ಅಲ್ಲ, ಗೊತ್ತಿಲ್ಲ ಅಂದ್ರೆ ಹೇಗೆ? ಗೊತ್ತು ನನಗೆ. ಲ್ಯಾಬಲ್ಲಿ ರಾತ್ರಿ ಪಾಳಿಯಲ್ಲಿ ನಿದ್ದೆ ತಡೆಯೋಕೆ ಅಕ್ಕಿ ಡಬ್ಬಕ್ಕೆ ಕಿವಿ ಕೊಟ್ಟು ಕೂರ್ತಿದ್ದೆ. ಒಳಗೆ ಸದ್ದು ಬರೋದು. ಕರ್ ಕರ್ ಅಂತ. ಹುಳು ಓಡಾಡೋ ಸದ್ದಲ್ಲ ಅದು. ಒಂದೊಂದು ಕಾಳಿನ ಒಳಗೆ ಒಂದೊಂದು ಮರಿ. ಕಾಳು ಹೊರಗೆ ಹಾಲಿನ ಹಾಗೆ ಬೆಳ್ಳಗಿರುತ್ತೆ, ಒಂದು ತೂತೂ ಕಾಣಲ್ಲ. ತಾಯಿ ಮೂತಿಯಿಂದ ಗುಂಡಿ ತೋಡಿ ಮೊಟ್ಟೆ ಇಟ್ಟು ಮೇಲೆ ಮೇಣದ ಥರ ಮುಚ್ಚಿಬಿಟ್ಟಿರುತ್ತೆ. ಮರಿ ಹುಟ್ಟಿದ ಮನೆಯನ್ನೇ ತಿಂತಾ ಬೆಳೆಯುತ್ತೆ. ಒಂದು ಕಾಳು ಒಂದು ಬಾಲ್ಯಕ್ಕೆ ಸರಿಯಾಗಿ ಸಾಕಾಗುತ್ತೆ. ಇದನ್ನ ಬರೆದಿದ್ದೆ, ಗೈಡ್ ಹೊಡೆದುಹಾಕಿದರು. ಆ ಸದ್ದು ನಿಂತ ದಿನ ಗೊತ್ತಾಗ್ತಿತ್ತು, ಇನ್ನೊಂದು ವಾರಕ್ಕೆ ಕಾಳು ಒಡೆದು ಹೊರಗೆ ಬರುತ್ತೆ ಅಂತ. ಬರ್ತಿತ್ತು. ಒಂದು ದಿನವೂ ತಪ್ಪಿಲ್ಲ..." ಗಂಟೆ ಹೊಡೆದು ದನಿ ನಿಂತಿತು. ಒಂದು ಉಸಿರಲ್ಲ, ಮೂರು ನಾಲ್ಕು ಉಸಿರಿನಷ್ಟು ಹೊತ್ತು ಯಾರೂ ಅಲುಗಲಿಲ್ಲ. ಆಮೇಲೆ ಜುಲೇಖಾಬಿಯ ಮಗಳು ಎದ್ದು ಯಾರನ್ನೂ ನೋಡದೆ ಹೊರಗೆ ಓಡಿದಳು.

ತೀರ್ಮಾನಕ್ಕೂ ಒಂದು ಪದ್ಧತಿ ಇತ್ತು. ಐವರೂ ಒಬ್ಬೊಬ್ಬರಾಗಿ ಕೋಣೆಯೊಳಗೆ ಹೋಗಿ ತಮ್ಮ ಮಾತು ಆಡಿ ಬರಬೇಕು. ಒಬ್ಬರದು ಇನ್ನೊಬ್ಬರಿಗೆ ಕೇಳುವುದಿಲ್ಲ, ಹೊರಗೆ ಬಂದು ಬಾಯಿ ಬಿಡುವಂತಿಲ್ಲ. ಗಂಟೆ ಕಳೆದ ಮೇಲೆ ನಾನೊಬ್ಬಳೇ ಹೋಗಿ ಕೇಳಿಕೊಳ್ಳಬೇಕು. ಮುಖ ನೋಡಿ ಬೇಡ ಅನ್ನುವುದು ಕಷ್ಟ, ಮುಖ ನೋಡಿ ಬೇಕು ಅನ್ನುವುದು ಸುಳ್ಳಾದೀತು ಎಂದು ಹಿಂದಿನವರು ಮಾಡಿದ ಏರ್ಪಾಡು. ಹಾಗಾಗಿ ಆ ಒಂದು ಗಂಟೆ ನಾವಾರು ಮಂದಿ ಹುಣಸೆಮರದ ಕೆಳಗೆ ಕೂತು ಅವಲಕ್ಕಿ ತಿಂದೆವು. ಉತ್ತರ ಏನೆಂದು ನಮ್ಮಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ಚೌಡೇಗೌಡರು ಹಲ್ಲುನೋವಿನ ಬಗ್ಗೆ ಮಾತಾಡಿದರು.

ಹೊತ್ತಾಯಿತು. ಒಳಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡು ನಿಂತೆ. ಮೊದಲು ಬೋರಲಿಂಗಯ್ಯ: "ಈ ಹೆಣ್ಣುಮಗಳ ಪಾಠ ಇಷ್ಟು ದಿನ ಕೋರ್ಟಲ್ಲಿ ಹೇಳಿಕೆ ಕೊಟ್ಟಂಗಿತ್ತು. ಇವತ್ತು ಕೊನೇಲಿ ಪಾಠದಂಗಿತ್ತು. ಇರಲಿ." ಎರಡನೆಯದು ದೊರೆಸ್ವಾಮಿ: "ಮೇಷ್ಟ್ರಾದವರು ಮಕ್ಕಳ ಮುಂದೆ ಹಂಗೆ ಅಳಬಾರದು. ಬೇಡ." ಚೌಡೇಗೌಡರು: "ಒಂದು ಹುಳಕ್ಕೆ ಏಳು ವರ್ಸ ಅಂದ್ರೆ, ಸಿಲಬಸ್ ಮುಗಿಯೋದ್ಯಾವಾಗ? ಬ್ಯಾಡ." ಜುಲೇಖಾಬಿ: "ನನ್ನ ಮಗಳು ಮನೆಗೆ ಓಡ್ಯವ್ಳೆ, ಅಕ್ಕಿ ಡಬ್ಬಕ್ಕೆ ಕಿವಿ ಕೊಡಕ್ಕೆ. ಪಾಠ ಕೇಳಿ ಅವಳು ಓಡಿದ್ದು ಇದೇ ಮೊದಲು. ಇರ್ಲಿ ಇವ್ರು." ಎರಡಕ್ಕೆ ಎರಡು. ಆಮೇಲೆ ಸಣ್ಣಕೆಂಪಮ್ಮ ಒಂದೆರಡು ಸಲ ಕೆಮ್ಮಿದ್ದು ಕೇಳಿಸಿತು.

"ಪಾಠ ಗೀಠ ನನಗೇನ್ ತಿಳೀತದೆ" ಎಂದು ಶುರು ಮಾಡಿದರು. "ಒಂದ್ ಇಸ್ಯ ಹೇಳ್ತೀನಿ. ಈ ಮಗ ಬೆಳಗಿನ ಜಾವ ನಿದ್ದೆಗಣ್ಣಲ್ಲಿ ಮಾತಾಡ್ತದೆ. ಅದು ಎದ್ದು ಬಾವಿತಾವ್ ಮೊಕ ತೊಳ್ಯಕ್ ಹೋದಾಗ ಒಳಗೆ ನನಗೆ ಕೇಳ್ತದೆ. 'ತಪ್ಪಾಯ್ತು ಸಾರ್, ಸರಿ ಮಾಡ್ತೀನಿ ಸಾರ್.' ದಿನಾ. ಬಂದ ಹೊಸದ್ರಲ್ಲಿ ಐದಾರ್ ಸತಿ ಅನ್ನದು. ಕೇಳಿಸ್ಕಂಡ್ ಮೇಲೆ ಸುಮ್ಕಿರಕ್ಕಾಯ್ತದಾ? 'ಏನೂ ತಪ್ಪಾಗಿಲ್ಲ ಕಣ್ಮಗ' ಅಂತ ನಾನೂ ಒಲೆ ಮುಂದೆ ಕುಂತು ದಿನಾ ಅಂದಿವ್ನಿ. ಅದು ಕೇಳೋ ಹೊತ್ಗೆ ಇವಳು ಇಸ್ಕೂಲ್ ದಾರಿ ಹಿಡಿದಿರೋಳು, ನಮ್ ಯಜಮಾನ್ರೊಬ್ರೇ ಕೇಳೋರು. ಈಗ ಐದಾರು ಹೋಗಿ ಒಂದೇ ಸತಿ ಆಗದೆ. ಇನ್ನೊಂದಾರ್ ತಿಂಗ್ಳು ಇಲ್ಲೇ ಇದ್ರೆ ಅದೂ ನಿಂತೋಯ್ತದೆ. ಈಗ ಓಡಿಸಿದ್ರೆ ಮೊದ್ಲಿಂದ ಶುರುವಾಯ್ತದೆ. ಇರ್ಲಿ ಬುಡ್ರಪ್ಪ."

ನಾನು ಮಕ್ಕಳ ಬೆಂಚಿನ ಮೇಲೆ ಕೂತೆ. ಉಳಿದುಕೊಂಡೆ ಎಂಬುದು ತಲೆಗೆ ಹತ್ತಲು ಸ್ವಲ್ಪ ಹೊತ್ತು ಬೇಕಾಯಿತು. ಮೂರು ತಿಂಗಳು ದಿನಾ ನಾನು ಹೊರಟ ಮೇಲೆ, ನಾನಿಲ್ಲದ ಮನೆಯಲ್ಲಿ, ನನಗೆ ಯಾರೋ ಸಮಾಧಾನ ಹೇಳುತ್ತಿದ್ದರು. ಅತ್ತೆನೋ ನಕ್ಕೆನೋ ನನಗೇ ಕೇಳಲಿಲ್ಲ, ಸೂರಿನಡಿ ಇದ್ದೆನಲ್ಲ. ಏಳು ವರ್ಷದಿಂದ ಭುಜದ ಮೇಲೆ ಕೂತಿದ್ದ ಮಣಭಾರ ಇಳಿಯಿತು. ಹೊರಗೆ ಬಂದು "ಇರ್ತೀನಿ" ಎಂದೆ. ಬೇಡವೆಂದಿದ್ದ ದೊರೆಸ್ವಾಮಿಯೇ ಎಲ್ಲರಿಗಿಂತ ಮೊದಲು "ಒಳ್ಳೇದಾಯ್ತು ಬುಡಿ ಮೇಡಂ" ಎಂದ. ಮುಖದಲ್ಲಿ ಒಂದಿಷ್ಟೂ ಮುಜುಗರವಿರಲಿಲ್ಲ. ಗೈಡ್ ಅವರಿಗೆ ಅಲ್ಲೇ ಮರದ ಕೆಳಗೆ ಕೂತು ಎರಡು ಸಾಲು ಬರೆದೆ: ಸಾರ್, ನಿಮ್ಮ ಕಾಗದಕ್ಕೆ ವಂದನೆಗಳು, ನಾನು ಬರುವುದಿಲ್ಲ. ದೊರೆಸ್ವಾಮಿ ಅದನ್ನು ಚೀಲಕ್ಕೆ ಹಾಕಿಕೊಂಡು ಸೈಕಲ್ ಹತ್ತಿದ.

ಸಂಜೆ ಮನೆಗೆ ಬಂದಾಗ ಸಣ್ಣಕೆಂಪಮ್ಮ ಅಂಗಳದಲ್ಲಿ ಮೊರ ಇಟ್ಟುಕೊಂಡು ಅಕ್ಕಿ ಆರಿಸುತ್ತಿದ್ದರು. ಬೆಳಗಿನ ಮಾತು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಎದುರಿಗೆ ಹೇಳಲು ನಾಲಿಗೆ ಬರಲಿಲ್ಲ. ಕೈಕಾಲು ತೊಳೆದು ಒಳಗೆ ಹೋದೆ, ಒಲೆಯ ಮುಂದೆ ಅವರು ಕೂರುವ ಮಣೆಯ ಮೇಲೆ ಕೂತು ಒಂದು ಮಾತು ಆಡಿದೆ. ಹೊರಗೆ ಬಂದು ಮೊರದ ಈಚೆ ಬದಿಗೆ ಕೂತೆ. ಇಬ್ಬರೂ ಕಲ್ಲು ಹೆಕ್ಕಿದೆವು. ಎಮ್ಮೆಗಳು ಮನೆಗೆ ಬಂದವು, ಪುಟ್ಟಮಾದಯ್ಯ ಬಂದು ಕಂಬಳಿ ಹಾಸಿಕೊಂಡು ಒರಗಿದರು. ಒಂದು ಗಂಟೆ ತುಂಬಿದಾಗ ಅಡುಗೆಮನೆಯಿಂದ ನನ್ನ ದನಿ ಬಂತು: "ನನಗೂ ಕೇಳಿಸ್ತು ಕಣವ್ವ."

ಸಣ್ಣಕೆಂಪಮ್ಮನ ಕೈ ಮೊರದ ಮೇಲೆ ನಿಂತಿತು. ಒಂದು ಉಸಿರು ಸುಮ್ಮನಿದ್ದರು. ಆಮೇಲೆ ತಲೆ ಎತ್ತದೆಯೇ, "ಸರಿ ಬುಡು. ಆ ಮೂಲೇಲಿ ಎರಡ್ ಕಲ್ ಬುಟ್ಟಿದೀಯ, ನೋಡು" ಎಂದರು.